ಬೋಗುಣಿಯ ಸುತ್ತ ಕೂತವರು

ಆ ದಿನದ ಡೈರಿಯಲ್ಲಿ ನಾನು ಬರೆದಿರುವುದು ಇಷ್ಟು: "ಸೇತುವೆಯ ಮೇಲೆ ಮಂಜು. ಮಗಳ ಈಜು ಕ್ಲಾಸಿಗೆ ತಡ. ಕೆಲಸದಲ್ಲಿ ಮೂರು ವೃತ್ತ, ಎರಡು ಸಲ ನೋಡಿದೆ. ಹುಳಿ ಮಿಕ್ಕಿದೆ."

ಹುಳಿ ಮಿಕ್ಕಿದ್ದನ್ನು ಬರೆದಿಡಲು ಮರೆಯದವಳಿಗೆ ಆ ವೃತ್ತಗಳಲ್ಲಿ ಕಂಡದ್ದೇನು ಎಂದು ಇನ್ನೊಂದು ಸಾಲು ಬರೆಯಲು ಯಾಕೆ ತೋಚಲಿಲ್ಲ? ಆ ಸಾಲು ಇದ್ದಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ.

ಡೈರಿ ಇಡುವುದನ್ನು ನಾನು ಕಲಿತದ್ದು ನನ್ನ ನೆನಪಿನ ಮೇಲೆ ನಂಬಿಕೆ ಇಲ್ಲದ್ದರಿಂದ. ಸೋದರತ್ತೆಯ ಮದುವೆಯ ಊಟವನ್ನು ನಾನು ವರ್ಷಗಟ್ಟಲೆ ವರ್ಣಿಸುತ್ತಿದ್ದೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಯಾರು, ಹೋಳಿಗೆಯ ಮೇಲೆ ತುಪ್ಪ ಹೇಗೆ ಹರಿದು ಎಲೆಯಿಂದಾಚೆ ಹೋಯಿತು, ಎಲ್ಲ. ಕಾಲೇಜಿಗೆ ಹೋಗುವಾಗ ಒಂದು ದಿನ ಅಮ್ಮ ತಣ್ಣಗೆ ಹೇಳಿದಳು, ಆ ಮದುವೆಯ ಹೊತ್ತಿಗೆ ನಾನು ಹುಟ್ಟಿಯೇ ಇರಲಿಲ್ಲ ಎಂದು. ತುಪ್ಪ ಹರಿದದ್ದು ಅಕ್ಕನ ಎಲೆಯಿಂದ. ಇವತ್ತಿಗೂ ಆ ತುಪ್ಪ ನನ್ನ ಕಣ್ಣಿಗೆ ಕಾಣುತ್ತದೆ. ಮುಂದೆ ಹೇಳುವುದನ್ನೂ ಇದೇ ಎಚ್ಚರಿಕೆಯಿಂದ ಓದಬೇಕು.

ಮೈಸೂರಿನಲ್ಲಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿ, ಮದುವೆಯಾಗಿ ಫ್ರೀಮಾಂಟಿಗೆ ಬಂದು, ಹಲವು ವರ್ಷ ಕಾದ ಮೇಲೆ ನನಗೆ ಕೆಲಸ ಮಾಡುವ ಪರವಾನಗಿ ಸಿಕ್ಕಿತು. ಸಿಕ್ಕ ಮೊದಲ ಕೆಲಸವನ್ನೇ ಹಿಡಿದೆ. ಆಫೀಸು ಕೊಲ್ಲಿಯ ಆಚೆ ದಡದಲ್ಲಿ, ಸ್ಯಾನ್ ಮಟಿಯೋದಲ್ಲಿ, ಒಂದು ದಂತವೈದ್ಯರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ. ನಮ್ಮ ತಂಡದ ಮುಖ್ಯಸ್ಥ ಮಂಡ್ಯದ ಕಡೆಯ ಹುಡುಗ, ನನಗಿಂತ ಹತ್ತು ವರ್ಷ ಚಿಕ್ಕವನು. ಅವನೂ ಫ್ರೀಮಾಂಟಿನವನೇ ಆದ್ದರಿಂದ ಅವನ ಕಾರಿನಲ್ಲೇ ಹೋಗಿ ಬರುತ್ತಿದ್ದೆ. ನನ್ನನ್ನು ಅಕ್ಕಾ ಎನ್ನುತ್ತಿದ್ದ. ಆಫೀಸಿನೊಳಗೆ ಮೇಲಧಿಕಾರಿ, ಕಾರಿನೊಳಗೆ ತಮ್ಮ.

ನಮ್ಮ ಪರದೆಗೆ ಬರುತ್ತಿದ್ದುದು ಆಕಾಶದಿಂದ ತೆಗೆದ ಕಪ್ಪು ಬಿಳುಪು ಚಿತ್ರಗಳು. ಚಿತ್ರದ ಮೇಲೆ ಮೌಸಿನಿಂದ ಚೌಕ ಎಳೆದು, ಒಳಗಿರುವುದು ಏನು ಎಂದು ಪಟ್ಟಿಯಿಂದ ಆರಿಸಿ ಒತ್ತಬೇಕು. ವಾಹನ, ಪ್ರಾಣಿ, ಕಟ್ಟಡ, ಮನುಷ್ಯ. ಮನುಷ್ಯರಾದರೆ ಏನು ಮಾಡುತ್ತಿದ್ದಾರೆ ಎಂಬುದಕ್ಕೆ ಎರಡನೆಯ ಪಟ್ಟಿ. ಅಷ್ಟು ಎತ್ತರದಿಂದ ಮನುಷ್ಯ ಒಂದು ಚುಕ್ಕೆ. ಅವನು ಮನುಷ್ಯ ಎಂದು ಹೇಳುವುದು ಅವನ ನೆರಳು. ಮೊದಲ ವಾರವೇ ಅದನ್ನು ಕಲಿತೆ: ಆಳನ್ನು ನೋಡಬೇಡ, ನೆರಳನ್ನು ನೋಡು. ಕೈ ಎತ್ತಿದರೆ ನೆರಳಿಗೆ ಕೊಂಬು ಬರುತ್ತದೆ. ಏನನ್ನಾದರೂ ಹೊತ್ತಿದ್ದರೆ ನೆರಳಿನ ಹೆಗಲು ಉಬ್ಬುತ್ತದೆ.

ಚಿತ್ರಗಳಿಗೆ ಊರಿನ ಹೆಸರಿರಲಿಲ್ಲ, ದೇಶದ ಹೆಸರೂ ಇರಲಿಲ್ಲ. ಆದರೆ ಎಲ್ಲಿಯದು ಎಂದು ನಮಗೆ ತಿಳಿಯದಿರಲಿಲ್ಲ. ಆಫ್ರಿಕಾದ ಪಶ್ಚಿಮದಲ್ಲಿ, ಮರುಭೂಮಿಯ ಅಂಚಿನ ನಾಡು. ಅದನ್ನು ಬಹಳ ಕಾಲ ಆಳಿದ್ದ ದೇಶ ನನ್ನ ತಂದೆಯ ತಲೆಮಾರಿನಲ್ಲಿ ಬಾವುಟ ಇಳಿಸಿಕೊಂಡು ಹೋಗಿತ್ತು. ಈಗ ಬಂದೂಕಿನವರ ಕಾಟ ತಡೆಯಲಾರದೆ ಅಲ್ಲಿನ ಸರ್ಕಾರ ಕರೆದಿದ್ದರಿಂದ, ಸೈನ್ಯದೊಂದಿಗೆ ಮರಳಿ ಬಂದಿತ್ತು. ಒಂಟಿಯಾಗಿ ಬಂದರೆ ಹಳೆಯ ದೊರೆ ಮರಳಿದ ಎಂದು ಜನ ಅಂದಾರು ಎಂದೋ ಏನೋ, ಜೊತೆಗೆ ಹಲವು ದೇಶಗಳನ್ನು ಸೇರಿಸಿಕೊಂಡಿತ್ತು. ಒಬ್ಬರದು ವಿಮಾನ, ಒಬ್ಬರದು ಇಂಧನ, ಒಬ್ಬರದು ಡಾಕ್ಟರುಗಳ ಡೇರೆ, ಒಬ್ಬರದು ಚಿತ್ರ ನೋಡಿ ಹೇಳುವ ಕೆಲಸ. ಆ ಕೊನೆಯದು ಒಂದು ಗುತ್ತಿಗೆಯಿಂದ ಇನ್ನೊಂದಕ್ಕೆ ಇಳಿಯುತ್ತ ಇಳಿಯುತ್ತ ದಂತವೈದ್ಯರ ಮೇಲಿನ ಮಹಡಿಗೆ ಬಂದು ನಿಂತಿತ್ತು. ಇದನ್ನೆಲ್ಲ ನಾನು ಎಂ.ಎ.ಯಲ್ಲಿ ಓದಿದ್ದೆ. ವಸಾಹತು ಬಿಟ್ಟ ದೇಶಗಳು ಮತ್ತೆ ಯಾಕೆ ಸೈನ್ಯ ಕಳಿಸುತ್ತವೆ, ಚರ್ಚಿಸಿ, ಹದಿನಾರು ಅಂಕ. ಚೆನ್ನಾಗಿಯೇ ಚರ್ಚಿಸಿದ್ದೆ ಎಂದು ನೆನಪು.

ಚಿತ್ರಗಳಲ್ಲಿ ಸದ್ದಿರಲಿಲ್ಲ. ಇದು ಹೇಳಬೇಕಾದ ಮಾತೇ ಅಲ್ಲ, ಚಿತ್ರಕ್ಕೆ ಸದ್ದೆಲ್ಲಿಂದ? ಆದರೂ ದಿನವಿಡೀ ನೋಡಿದ ಮೇಲೆ ಆ ಊರುಗಳೇ ಉಸಿರು ಬಿಗಿಹಿಡಿದಿವೆ ಅನ್ನಿಸುತ್ತಿತ್ತು. ಕೆಳಗಿನ ಕ್ಲಿನಿಕ್ಕಿನಿಂದ ಹಲ್ಲು ಕೊರೆಯುವ ಸಣ್ಣ ಸದ್ದು ನೆಲದ ಮೂಲಕ ಪಾದಕ್ಕೆ ಬರುತ್ತಿತ್ತು. ನನ್ನ ಮಟ್ಟಿಗೆ ಆ ನಾಡಿನ ಸದ್ದು ಅದೇ ಆಗಿಬಿಟ್ಟಿತ್ತು.

ಮೂರು ವೃತ್ತ ಬಂದದ್ದು ಮಧ್ಯಾಹ್ನ. ಮಣ್ಣಿನ ಗೋಡೆಗಳ ನಡುವೆ ಒಂದು ಅಂಗಳ, ಒಂದು ಮರ. ಅಂಗಳದಲ್ಲಿ ಮೂರು ಕಡೆ ಜನ ವೃತ್ತವಾಗಿ, ತಲೆಗಳು ಒಳಕ್ಕೆ ಬಾಗಿ ಕೂತಿದ್ದಾರೆ. ಪ್ರತಿ ವೃತ್ತದ ನಡುವೆ ಒಂದು ದುಂಡನೆಯ ವಸ್ತು, ಬಿಸಿಲಿಗೆ ಅದರ ಅಂಚು ಹೊಳೆಯುತ್ತಿದೆ. ಎಲ್ಲರ ಒಂದೊಂದು ಕೈ ಆ ವಸ್ತುವಿನ ಮೇಲೆ. ಒಬ್ಬ ಮಾತ್ರ ನಿಂತಿದ್ದಾನೆ, ಕೈಯಲ್ಲಿ ಮೂತಿಯಿರುವ ಏನೋ ಇದೆ. ವೃತ್ತದಿಂದ ವೃತ್ತಕ್ಕೆ ಹೋಗುತ್ತಿದ್ದಾನೆ. ಮುಂದಿನ ಚಿತ್ರದಲ್ಲಿ ಒಂದು ಕೈ ನಡುವಿನಿಂದ ಏನನ್ನೋ ಪಕ್ಕದವನ ಕಡೆಗೆ ತಳ್ಳುತ್ತಿದೆ.

ನಿಯಮದ ಪುಸ್ತಕದಲ್ಲಿ ಊಟಕ್ಕೆ ಗುರುತಿತ್ತು: ಸಾಲು, ಮೇಜು, ಬೇರೆ ಬೇರೆ ತಟ್ಟೆ, ಒಲೆಯ ಹೊಗೆ. ಒಂದೇ ವಸ್ತುವಿನ ಸುತ್ತ ಹಲವು ಕೈಗಳಿದ್ದರೆ "ಉಪಕರಣ ಜೋಡಣೆ" ಎಂದಿತ್ತು. ಕೈಯಿಂದ ಕೈಗೆ ಹೋದರೆ "ಹಸ್ತಾಂತರ".

ನಾನು ಮುಖ್ಯಸ್ಥನನ್ನು ಕರೆದೆ. ಅವನು ಬಂದು ನನ್ನ ಕುರ್ಚಿಯ ಹಿಂದೆ ನಿಂತ. ಆಗ ನಡೆದ ಮಾತು ನನಗೆ ನೆನಪಿರುವುದು ಹೀಗೆ:

"ಇದೇನೋ ಇದು? ಬಾವಿ ಇರಬಹುದಾ?" ನಾನು ಕೇಳಿದೆ.

"ಮೂರ್ ಮೂರ್ ಬಾವೀನಾ ಒಂದೇ ಅಂಗಳದಾಗೆ? ಊಟ ಮಾಡ್ತಾವ್ರೇನೋ ಬುಡಿ."

"ಒಂದೇ ಪಾತ್ರೇಲಿ ಇಷ್ಟು ಜನ ಕೈ ಹಾಕ್ಕೊಂಡಾ? ಥೂ, ಎಂಜಲು!"

ಇಬ್ಬರೂ ನಕ್ಕೆವು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವನು ಹೇಳಿದ, ಗೊತ್ತಿಲ್ಲ ಅಂತ ಹಾಕಬಹುದು, ಆದರೆ ಗೊತ್ತಿಲ್ಲ ಜಾಸ್ತಿಯಾದರೆ ನಮ್ಮ ತಂಡಕ್ಕೆ ಏನೂ ಗೊತ್ತಿಲ್ಲ ಅಂದುಕೊಳ್ಳುತ್ತಾರೆ ಎಂದು. ನಾನು ಮತ್ತೊಮ್ಮೆ ನೋಡಿದೆ. ಮೂರು ಚೌಕ ಎಳೆದೆ. ಉಪಕರಣ ಜೋಡಣೆ, ಉಪಕರಣ ಜೋಡಣೆ, ಉಪಕರಣ ಜೋಡಣೆ. ಆ ತಳ್ಳುತ್ತಿದ್ದ ಕೈಗೆ ಹಸ್ತಾಂತರ.

ಈಗ ಯೋಚಿಸಿದರೆ ಅದು ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು. ಎಂಜಲು ಎಂಬುದು ನಮಗೆ ಕಲಿತ ವಿಚಾರವಲ್ಲ, ಮೈಯಲ್ಲೇ ಇರುವುದು. ನೀರಿನ ಲೋಟ ತುಟಿಗೆ ತಾಗಿಸದೆ ಎತ್ತಿ ಕುಡಿಯುವುದನ್ನು ನನಗೆ ಯಾರೂ ಕಲಿಸಿದ ನೆನಪಿಲ್ಲ. ಶಾಲೆಯಲ್ಲಿ ಗೆಳತಿಯ ಜೊತೆ ಪೆಪ್ಪರಮಿಂಟು ಹಂಚಿಕೊಳ್ಳುವಾಗ ಲಂಗದ ಅಂಚಿನಲ್ಲಿ ಸುತ್ತಿ ಕಚ್ಚುತ್ತಿದ್ದೆವು. ಬಟ್ಟೆ ಅಡ್ಡ ಇದ್ದರೆ ಅದು ಕಾಗೆ ಎಂಜಲು, ಲೆಕ್ಕಕ್ಕಿಲ್ಲ. ಹಾಗೆ ಬೆಳೆದ ಕಣ್ಣಿಗೆ ಒಂದು ಪಾತ್ರೆಯೊಳಗೆ ಏಳು ಕೈಗಳು ಕಂಡರೆ ಅದು ಬೇರೆ ಏನು ಬೇಕಾದರೂ ಆಗಿರಬಹುದಿತ್ತು, ಊಟವೊಂದನ್ನು ಬಿಟ್ಟು.

ಕೆಲವು ದಿನಗಳ ನಂತರ ಬೇರೊಂದು ಕೆಲಸ ಬಂತು. ಎರಡು ಚಿತ್ರ ಅಕ್ಕಪಕ್ಕ ಇರುತ್ತವೆ, ಮೊದಲಿನದು ಮತ್ತು ನಂತರದ್ದು. ಬದಲಾವಣೆ ಇದೆಯೇ ಇಲ್ಲವೇ ಎಂದು ಒತ್ತಬೇಕು. ಇಪ್ಪತ್ತೋ ಮೂವತ್ತೋ ಜೋಡಿ ಆದ ಮೇಲೆ ಆ ಅಂಗಳ ಬಂತು. ಎಡಗಡೆ ಅಂಗಳ ಖಾಲಿ, ಮರ, ಗೋಡೆ. ಬಲಗಡೆ ಮರ ಇಲ್ಲ. ಅಂಗಳವೂ ಇಲ್ಲ ಅನ್ನಬೇಕು. ಅದರ ಜಾಗದಲ್ಲಿ ನೆಲದ ಬಣ್ಣ ಗಾಢವಾಗಿತ್ತು, ಒದ್ದೆ ಬಟ್ಟೆ ಹಾಸಿದಂತೆ. ಗೋಡೆಯ ನೆರಳು ಇರಬೇಕಾದಲ್ಲಿ ನೆರಳಿರಲಿಲ್ಲ. ನಾನು "ಬದಲಾವಣೆ ಇದೆ" ಎಂದು ಒತ್ತಿದೆ. ಮುಂದಿನ ಜೋಡಿ ಬಂತು. ಅದರಲ್ಲಿ ಬದಲಾವಣೆ ಇರಲಿಲ್ಲ.

ಅವತ್ತಿನ ಡೈರಿಯಲ್ಲಿ ಏನೂ ಇಲ್ಲ. ಅಂದರೆ ಆ ದಿನದ ಪುಟವೇ ಖಾಲಿ.

ವರ್ಷ ಕಳೆಯಿತು. ಆ ನಾಡಿನಲ್ಲಿ ಸರ್ಕಾರ ಬದಲಾಗಿ, ಹೊಸಬರು ಹಳೆಯ ಆಳರಸರಿಗೆ ಹೊರಡಿ ಅಂದರು. ಸೈನ್ಯ ಎರಡನೆಯ ಸಲ ಬಾವುಟ ಇಳಿಸಿಕೊಂಡು ಹೋಯಿತು, ಜೊತೆಗೆ ಬಂದವರೂ ಒಬ್ಬೊಬ್ಬರಾಗಿ ಗಂಟು ಕಟ್ಟಿದರು. ನಮ್ಮ ಗುತ್ತಿಗೆಯೂ ಮುಗಿಯಿತು. ನಾನು ಎಮರಿವಿಲ್‌ನಲ್ಲಿ ಕಾರ್ಟೂನು ಸಿನಿಮಾಗಳ ಚಿತ್ರಗಳನ್ನು ವಿಂಗಡಿಸುವ ಕೆಲಸ ಹಿಡಿದೆ. ಮುಖ್ಯಸ್ಥ ಹಳೆಯ ಕಂಪನಿಯಲ್ಲೇ ಉಳಿದ.

ಆದರೆ ಕಣ್ಣಿನ ಚಾಳಿ ಹೋಗಿರಲಿಲ್ಲ. ಮೆಟ್ರೋ ರೈಲಿನ ಮೇಲುಸೇತುವೆಯಿಂದ ಕೆಳಗೆ ನೋಡಿದರೆ ಪಾರ್ಕಿಂಗಿನಲ್ಲಿ ನಡೆಯುವವರ ಸುತ್ತ ಚೌಕ ಬೀಳುತ್ತಿತ್ತು. ಯುಗಾದಿಯ ನಂತರದ ಭಾನುವಾರ ಕನ್ನಡದವರೆಲ್ಲ ಪಾರ್ಕಿನಲ್ಲಿ ಊಟಕ್ಕೆ ಸೇರಿದಾಗ ಯಾರೋ ಡ್ರೋನು ಹಾರಿಸಿ ವಿಡಿಯೋ ತೆಗೆದರು. ವಾಟ್ಸಾಪಿನಲ್ಲಿ ಬಂದ ಅದನ್ನು ಮನೆಯಲ್ಲಿ ಎಲ್ಲರೂ ಸೇರಿ ನೋಡಿದೆವು. ಜಮಖಾನದ ಮೇಲೆ ಉದ್ದನೆಯ ಸಾಲು, ಬಕೆಟ್ಟು ಹಿಡಿದು ಬಡಿಸುವವರು. ನನ್ನ ಗಂಡ ಅಲ್ಲೇ ಎಲ್ಲೋ ಇದ್ದೇನೆ ಎಂದು ತನ್ನನ್ನು ಹುಡುಕುತ್ತಿದ್ದರು.

"ಅಮ್ಮಾ, ವೈ ಆರ್ ಯು ಕೌಂಟಿಂಗ್?" ಮಗಳು ಕೇಳಿದಳು.

ನನ್ನ ತುಟಿ ಅಲ್ಲಾಡುತ್ತಿದ್ದುದು ಗೊತ್ತಾದದ್ದು ಆಗಲೇ. ನಾನು ನೆರಳುಗಳನ್ನು ಎಣಿಸುತ್ತಿದ್ದೆ. ಆಳುಗಳಿಗಿಂತ ಒಂದು ನೆರಳು ಹೆಚ್ಚಿತ್ತು. ಮತ್ತೆ ಎಣಿಸಿದೆ, ಆಗಲೂ ಹೆಚ್ಚು. ಡ್ರೋನಿನದೇ ನೆರಳು ಹುಲ್ಲಿನ ಮೇಲೆ ಬಿದ್ದಿದೆ ಎಂದು ಗಂಡ ತೋರಿಸಿದ ಮೇಲೆ ಲೆಕ್ಕ ಸರಿಹೋಯಿತು. ಅದು ಸಾಲಿನ ಕೊನೆಯಲ್ಲಿ, ಎಲೆಯ ಮುಂದೆ ಕೂತವರ ಹಾಗೇ ಅಲುಗದೆ ನಿಂತಿತ್ತು.

ಅದೇ ವಸಂತದಲ್ಲಿ ಪತ್ರ ಬಂತು. ಆ ಕಾರ್ಯಾಚರಣೆಯಲ್ಲಿ ಸೇರಿದ್ದ ದೇಶಗಳು ಕೂಡಿ ಒಂದು ಪರಿಶೀಲನಾ ತಂಡ ಮಾಡಿದ್ದವು. ವಿಮಾನದ ದಾಳಿಯಲ್ಲಿ ಸತ್ತವರ ಮನೆಯವರು ಹೇಳುವುದು ಹೀಗೆ: ಅವತ್ತು ಆ ಅಂಗಳದಲ್ಲಿ ಒಂದು ಮಗುವಿಗೆ ಹೆಸರಿಡುವ ದಿನದ ಊಟ ನಡೆಯುತ್ತಿತ್ತು. ಕಾರ್ಯಾಚರಣೆಯ ಕಡತ ಹೇಳುವುದು ಬೇರೆ, ನನ್ನ "ಉಪಕರಣ" ಅಲ್ಲಿ "ಆಯುಧ"ವಾಗಿತ್ತು: ಅಲ್ಲಿದ್ದವರು ಆಯುಧ ಜೋಡಿಸುತ್ತಿದ್ದರು. ಮನೆಯವರು ಬೇರೇನನ್ನೂ ಕೇಳುತ್ತಿಲ್ಲ, ತಮ್ಮವರು ಊಟಕ್ಕೆ ಕೂತಿದ್ದರು ಎಂದು ಕಡತದಲ್ಲಿ ಬರೆಯಬೇಕು, ಅಷ್ಟೇ. ಚಿತ್ರಗಳಿಗೆ ಗುರುತು ಹಾಕಿದವರು ತಮಗೆ ನೆನಪಿರುವುದನ್ನು ತಿಳಿಸಬೇಕಂತೆ. ಕೆಳಗೆ ಮೂರು ಖಾನೆ: ಸ್ಪಷ್ಟವಾಗಿ ನೆನಪಿದೆ, ಅಲ್ಪಸ್ವಲ್ಪ ನೆನಪಿದೆ, ನೆನಪಿಲ್ಲ. ಚಿತ್ರವನ್ನು ಮತ್ತೆ ತೋರಿಸುವುದಿಲ್ಲ, ಅದು ಗೌಪ್ಯ.

ಅಲ್ಲಿಯವರೆಗೂ ನನಗೆ ಅದು ಊಟ ಎಂದು ಹೊಳೆದಿತ್ತೇ? ಪ್ರಾಮಾಣಿಕವಾಗಿ ಹೇಳಲಾರೆ. ಪತ್ರ ಓದಿದ ಮೇಲೆ ಹೊಳೆಯಿತು ಅಂದರೆ ಅದು ನೆನಪಲ್ಲ, ಪತ್ರ. ಆದ್ದರಿಂದ ಖಾನೆಗಳನ್ನು ಖಾಲಿ ಬಿಟ್ಟು ಪತ್ರವನ್ನು ಮಸಾಲೆ ಡಬ್ಬಿಗಳ ಹಿಂದೆ ಇಟ್ಟೆ.

ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಗೆ ಅಷ್ಟರಲ್ಲಿ ಹೊಸ ಸಂಸಾರ ಬಂದಿತ್ತು. ಆ ನಾಡಿನವರಲ್ಲ, ಅದರ ಪಕ್ಕದ ದೇಶದವರು. ಹೆಂಡತಿ ವೃದ್ಧರ ಆರೈಕೆಯ ಕೆಲಸಕ್ಕೆ ಹೋಗುತ್ತಿದ್ದಳು, ಮೆಟ್ಟಿಲಲ್ಲಿ ಸಿಕ್ಕಾಗ ನಗುತ್ತಿದ್ದಳು. ಒಂದು ಶನಿವಾರ ಮಧ್ಯಾಹ್ನ ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿದೆ. ಅವರ ಹಿತ್ತಲಿನ ಸಿಮೆಂಟು ಕಟ್ಟೆಯ ಮೇಲೆ ಚಾಪೆ. ಚಾಪೆಯ ಮೇಲೆ ಎರಡು ವೃತ್ತ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹೆಂಗಸರ ಸಡಿಲ ನಿಲುವಂಗಿಗಳಿಂದ ಅವರ ನೆರಳು ಅಗಲವಾಗಿತ್ತು. ನಡುವೆ ಹೊಳೆಯುವ ಅಂಚಿನ ದೊಡ್ಡ ಬೋಗುಣಿ. ತಲೆಗಳು ಒಳಕ್ಕೆ ಬಾಗಿವೆ, ಎಲ್ಲರ ಒಂದೊಂದು ಕೈ ಬೋಗುಣಿಯಲ್ಲಿ. ಒಬ್ಬಾತ ನಿಂತಿದ್ದಾನೆ, ಮೂತಿಯಿರುವ ಕೆಟಲ್ ಹಿಡಿದು ಈಗಷ್ಟೇ ಬಂದು ಕೂತವರ ಕೈಗೆ ನೀರು ಹಾಕುತ್ತಿದ್ದಾನೆ.

ಕೈಯಲ್ಲಿದ್ದ ಒದ್ದೆ ಟವೆಲ್ಲು ಜಾರಿ ಕೆಳಗೆ ಬಿತ್ತು. ಎಲ್ಲರೂ ಒಮ್ಮೆಗೇ ತಲೆ ಎತ್ತಿ ನೋಡಿದರು. ಅಷ್ಟು ಮುಖಗಳು! ಮೇಲಿನಿಂದ ನೋಡಿದ ಯಾವ ವೃತ್ತವೂ ನನ್ನ ಕಡೆ ಹಾಗೆ ತಲೆ ಎತ್ತಿ ನೋಡಿರಲಿಲ್ಲ. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಟವೆಲ್ಲು ತರಲು ಹೋದವಳನ್ನು ಆ ಮನೆಯಾಕೆ ಬಿಡಲಿಲ್ಲ. "ಊಟದ ಹೊತ್ತಿಗೆ ಬಂದವರು ಹಾಗೇ ಹೋಗುವ ಹಾಗಿಲ್ಲ," ಎಂದು ಕೈ ಹಿಡಿದು ಹೆಂಗಸರ ನಡುವೆ ಕೂರಿಸಿದಳು. ಅನ್ನ, ಮೀನು, ಕೋಸು. ನಾನು ಮೀನು ತಿನ್ನುವುದಿಲ್ಲ ಅಂದೆ. "ಸರಿ, ನಿನ್ನ ಕಡೆ ಮೀನು ಬರದ ಹಾಗೆ ನೋಡಿಕೊಳ್ಳುತ್ತೇನೆ," ಎಂದು ನನ್ನ ಮುಂದಿನ ಭಾಗದಿಂದ ಮೀನಿನ ಚೂರುಗಳನ್ನು ಎತ್ತಿ ಬೇರೆಯವರ ಕಡೆ ತಳ್ಳಿ, ನಡುವಿನಿಂದ ಕೋಸನ್ನು ನನ್ನ ಕಡೆಗೆ ತಳ್ಳಿದಳು.

ಹಸ್ತಾಂತರ.

"ಯಾಕೆ ನೋಡುತ್ತೀ? ಯಜಮಾನಿ ಹಂಚಬೇಕು. ನೀನಾಗಿ ನಡುವಿಗೆ ಕೈ ಹಾಕಿದರೆ ಆಸೆಬುರುಕಿ ಅನ್ನುತ್ತಾರೆ. ನಿನ್ನ ಮುಂದಿದ್ದದ್ದು ನಿನ್ನದು."

"ಹೆಸರಿಡುವ ದಿನವೂ ಹೀಗೆಯೇ ಕೂರುತ್ತೀರಾ?"

"ಯಾವ ದಿನವಾದರೂ ಹೀಗೆಯೇ," ಎಂದು ಪಕ್ಕದ ಮುದುಕಿ ಹೇಳಿದಳು. "ಒಬ್ಬೊಬ್ಬರಿಗೂ ಒಂದೊಂದು ತಟ್ಟೆ ಕೊಟ್ಟು ದೂರ ಕೂರಿಸುವುದು ಆಸ್ಪತ್ರೆಯಲ್ಲಿ." ಎಲ್ಲರೂ ನಕ್ಕರು.

ನಾನು ಕೈ ಹಾಕಿದೆ. ತುತ್ತು ಬಾಯಿಯ ಹತ್ತಿರ ಬಂದು ನಿಂತಿತು. ತಡೆದದ್ದು ಎಂಜಲಿನ ಅಸಹ್ಯವೋ ಬೇರೆಯದೋ ಎಂದು ನನಗೇ ಬೇರ್ಪಡಿಸಿ ನೋಡಲಾಗಲಿಲ್ಲ. ಎರಡು ತುತ್ತು ನುಂಗಿದೆ. ಮೂರನೆಯದಕ್ಕೆ ಕಣ್ಣು ಮುಚ್ಚಿದರೆ ಅಂಗಳ ಕಂಡಿತು, ಮೇಲಿನಿಂದ. ಮೂರನೆಯ ವೃತ್ತದಲ್ಲಿ ನೆರಳುಗಳು ಈ ಹೆಂಗಸರ ನೆರಳಿನಂತೆ ಅಗಲವಾಗಿದ್ದವು. ಆಗಲೂ ಅಗಲವಾಗಿದ್ದವೇ, ಅಥವಾ ಪಕ್ಕದಲ್ಲಿ ಕೂತಿದ್ದವರ ನೆರಳನ್ನು ನಾನು ಒಯ್ದು ಅಲ್ಲಿ ಹಾಸಿದೆನೇ? ಸೋದರತ್ತೆಯ ಮದುವೆಯ ತುಪ್ಪದಷ್ಟೇ ಸ್ಪಷ್ಟವಾಗಿ ಕಂಡವು. ನನಗೆ ಭಯವಾದದ್ದು ಅದಕ್ಕೆ.

ಆ ವಾರವೇ ಇಂಡಿಯನ್ ಅಂಗಡಿಯ ಮುಂದೆ ಹಳೆಯ ಮುಖ್ಯಸ್ಥ ಸಿಕ್ಕ, ಕಾರಿನ ಡಿಕ್ಕಿಗೆ ಅಕ್ಕಿ ಮೂಟೆ ಹಾಕುತ್ತಿದ್ದ.

"ಏನಕ್ಕಾ, ಸಿನಿಮಾದೋರ್ ಜೊತೆ ಸೇರ್ಕಂಡು ನಮ್ಮನ್ನ ಮರ್ತೇಬುಟ್ರಲ್ಲ."

"ನಿನಗೂ ಪತ್ರ ಬಂತಾ?"

ಅವನ ನಗು ಅಲ್ಲೇ ನಿಂತಿತು. "ಬಂತು. ನೆನಪಿಲ್ಲ ಅಂತ ಟಿಕ್ ಹಾಕಿ ಅವತ್ತೇ ಕಳ್ಸ್‌ಬುಟ್ಟೆ. ನೀವೂ ಅದನ್ನೇ ಮಾಡಿ. ದಿನಾ ನೂರಾರು ನೋಡ್ತಿದ್ವಿ, ಯಾವನಿಗ್ ನೆನಪಿರ್ತದೆ?"

"ಆ ಮೂರು ವೃತ್ತ ನೆನಪಿಲ್ವಾ? ಊಟ ಮಾಡ್ತಿದಾರೇನೋ ಅನ್ನೋ ಮಾತು ಬಂದಿತ್ತಲ್ಲ ಅವತ್ತು."

ಅವನು ನನ್ನನ್ನು ಒಂದು ಥರ ನೋಡಿದ. ಆ ನೋಟದ ಅರ್ಥ ಆಗ ನನಗೆ ಆಗಲಿಲ್ಲ. ಸುಳ್ಳು ಹೇಳುವವನ ನೋಟ ಅಂದುಕೊಂಡೆ.

"ಬಂದಿದ್ರೂ ಏನಕ್ಕಾ ಈಗ? ನನ್ ಗ್ರೀನ್ ಕಾರ್ಡಿನ ಫೈಲು ಈ ಕಂಪ್ನಿ ಮೇಲೇ ಕೂತದೆ. ಕೈ ಮುಗೀತೀನಿ, ನನ್ನ ಎಳೀಬೇಡಿ."

"ಸರಿಯಪ್ಪ," ಅಂದೆ. ಡಿಕ್ಕಿ ಮುಚ್ಚಿದ ಸದ್ದಿಗೆ ಇಬ್ಬರೂ ಬೆಚ್ಚಿದೆವು.

ಮನೆಗೆ ಬಂದು "ಅಲ್ಪಸ್ವಲ್ಪ ನೆನಪಿದೆ" ಎಂಬ ಖಾನೆಗೆ ಗುರುತು ಹಾಕಿ ಕಳಿಸಿದೆ. ಎರಡು ವಾರದ ಮೇಲೆ ಬೆಳಿಗ್ಗೆ ವಿಡಿಯೋದಲ್ಲಿ ಮಾತಾಡಲು ಕರೆದರು. ಪರದೆಯ ಮೇಲೆ ಮೂವರು, ಮೂರು ದೇಶದವರು. ಆ ನಾಡನ್ನು ಆಳಿದ್ದ ದೇಶದವರು ನಡುವಿನ ಕಿಟಕಿಯಲ್ಲಿದ್ದರು, ನರೆತ ಕೂದಲಿನ ಬಹಳ ಸೌಮ್ಯ ಮನುಷ್ಯ. ಚಿತ್ರವನ್ನು ನೀವೇ ಹೇಳಿ ಅಂದರು. ಹೇಳಿದೆ. ಅಂಗಳ, ವೃತ್ತ, ಮೂತಿಯ ಪಾತ್ರೆ, ತಳ್ಳುವ ಕೈ. ನೆರಳಿನ ಅಗಲದ ಬಗ್ಗೆ ಹೇಳಲಿಲ್ಲ.

"ಅದು ಊಟ ಎಂದು ನಿಮಗೆ ಯಾವಾಗ ಗೊತ್ತಾಯಿತು?" ಅವರು ಕೇಳಿದರು.

"ಕಂಡದ್ದು ಅವತ್ತೇ. ಗೊತ್ತಾದದ್ದು ಕೆಳಮನೆಯವರ ಜೊತೆ ಉಂಡ ಮೇಲೆ."

"ಹಾಗಿದ್ದರೆ ನೀವು ಹೇಳುತ್ತಿರುವುದು ಯಾವ ಊಟವನ್ನು?"

ಅವರು ಗದರಲಿಲ್ಲ. ನಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಅವರು ಕೇಳಿದರು, ಅಷ್ಟೇ. ಪಕ್ಕದ ಕಿಟಕಿಯ ಮಹಿಳೆ ಹೇಳಿದರು: ಆಮೇಲೆ ಕೂಡಿಕೊಂಡ ನೆನಪನ್ನು ತಾವು ಕಡತಕ್ಕೆ ಸೇರಿಸಲಾಗದು. ಊಟ ಎಂಬ ಮಾತು ಗುರುತು ಹಾಕುವ ಹೊತ್ತಿಗೇ ಬಂದಿತ್ತು ಎಂದು ಇನ್ನೊಬ್ಬರು ಯಾರಾದರೂ ಹೇಳಿದರೆ ಮಾತು ಬೇರೆ. ಅಂಥವರು ಇದ್ದಾರೆಯೇ?

ಗೋಡೆಯ ಆಚೆ ಮಗಳು ಪಿಯಾನೋ ಅಭ್ಯಾಸ ಮಾಡುತ್ತಿದ್ದಳು. ಒಂದೇ ಸಾಲನ್ನು ಮತ್ತೆ ಮತ್ತೆ ತಪ್ಪಾಗಿ ಬಾರಿಸಿ ನಿಲ್ಲಿಸುತ್ತಿದ್ದಳು.

"ಇದ್ದಾರೆ," ಅಂದೆ. "ಹೆಸರು ಹೇಳುವ ಮೊದಲು ಅವರನ್ನು ಕೇಳಬೇಕು."

ಒಂದು ವಾರ ಕೊಟ್ಟರು.

ಹಳೆಯ ಮುಖ್ಯಸ್ಥನ ಮನೆಗೆ ಹೋದೆ. ಅವನು ಬಾಗಿಲಲ್ಲೇ ನನ್ನ ಮುಖ ನೋಡಿ ಬಂದ ಕಾರಣ ಊಹಿಸಿದ. ಒಳಗೆ ಕರೆದು, ಹೆಂಡತಿಗೆ ಕಾಫಿ ಬೇಡ ಎಂದು ಕೈ ಮಾಡಿ, ಎದುರು ಕೂತ. ನಾನು ನಡೆದದ್ದನ್ನೆಲ್ಲ ಹೇಳಿದೆ. ಹೆಸರು ಹೇಳು ಅಂದರೆ ಹೇಳುತ್ತೇನೆ, ಬೇಡ ಅಂದರೆ ಇಲ್ಲಿಗೇ ಬಿಡುತ್ತೇನೆ ಅಂದೆ. ಬಿಟ್ಟರೆ ಆ ಮನೆಯವರ ಕಡತ ಹಾಗೆಯೇ ಉಳಿಯುತ್ತದೆ ಎಂದೂ ಹೇಳಿದೆ.

ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬೇಡಿ. ಅವತ್ತು ಪಾರ್ಕಿಂಗಲ್ಲಿ ನೀವು ಅದನ್ನ ಅಂದಾಗ್ಲಿಂದ ನಂಗೆ ತಡ್ಕಳಕ್ಕಾಗಿಲ್ಲ. ಊಟ ಮಾಡ್ತಿದಾರೇನೋ ಅಂದಿದ್ದು ನಾನಲ್ಲಕ್ಕಾ."

"ಮತ್ತೆ?"

"ನೀವು. ಸ್ಕ್ರೀನ್ ಹತ್ರ ಬಗ್ಗಿ ಅಂದ್ರಿ, 'ಊಟ ಮಾಡ್ತಿರಬಹುದಾ?' ಅಂತ. ಥೂ ಎಂಜಲು ಅಂದಿದ್ದು ನಾನು. ನಿಮ್ಮನ್ನ ನಗಿಸಾಣ ಅಂತ. ಆಮೇಲೆ ನೀವು ಚೌಕ ಎಳೆದ್ರಿ."

"ಇಲ್ಲ ಕಣೋ. ನೀನೇ..."

"ಇರ್ಬೋದು ಅಂತಾನೂ ಅನ್ಕಂಡೆ. ಆದ್ರೆ ನಂಗೆ ನಿಮ್ ದನೀಲೇ ಕೇಳಿಸ್ತದೆ. ನಾನ್ ಅಂದಿದ್ರೆ ನನ್ ದನೀಲಿ ಕೇಳಿಸ್ಬೇಕಲ್ವಾ?"

ನನಗೆ ಅದು ಅವನ ಧ್ವನಿಯಲ್ಲಿ ಕೇಳುತ್ತದೆ. "ಬುಡಿ" ಎಂಬ ಅವನ ಮಾತಿನ ಸಮೇತ. ಆ ಕೋಣೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತೆವು. ಅವತ್ತು ಕುರ್ಚಿಯ ಹಿಂದೆ ನಮ್ಮಿಬ್ಬರ ಜೊತೆ ಮೂರನೆಯವರೊಬ್ಬರು ನಿಂತಿದ್ದರೇನೋ, ಆ ಮಾತು ಅವರದೇನೋ ಎಂಬಂತೆ.

ಕೊನೆಗೆ ಅವನೇ ಎದ್ದ. "ಯಾರ್ ಅಂದ್ರು ಅನ್ನೋದು ಹಾಳಾಗ್ ಹೋಗ್ಲಿ. ಮಾತು ಬಂದಿದ್ದು ನಿಜ ತಾನೇ? ಅಷ್ಟ್ ಬರ್ದು ಕೊಡ್ತೀನಿ. ಹೆಸರು ಹೇಳಿ."

"ಗ್ರೀನ್ ಕಾರ್ಡು?"

"ನೋಡಾಣ," ಅಂದ. ಒಳಗಿನಿಂದ ಹೆಂಡತಿ ಏನೋ ಕೇಳಿದಳು. ಅವನು ಅವಳಿಗೂ ಅದನ್ನೇ ಅಂದ.

ಅವನು ಬರೆದು ಕೊಟ್ಟ. ಫೈಲು ಇನ್ನೂ ಹಾಗೇ ಕೂತಿದೆ, ಮುಂದೆಯೂ ಹೋಗಿಲ್ಲ, ಹಿಂದೆಯೂ ಬಂದಿಲ್ಲ ಎನ್ನುತ್ತಾನೆ. ಈ ಬರಹದ ಸಂಗತಿಯನ್ನೂ ಅವನಿಗೆ ಹೇಳಿದೆ. ಹೆಸರು ಹಾಕಬೇಡಿ ಅಂದ, ಹಾಕಿಲ್ಲ.

ಪರಿಶೀಲನೆ ಮುಗಿದು ಉತ್ತರ ಬಂದಿದೆ. ಕಡತದಲ್ಲಿ "ಆಯುಧ ಜೋಡಣೆ" ಎಂಬ ಮಾತನ್ನು ತೆಗೆದಿದ್ದಾರೆ. ಅದರ ಜಾಗದಲ್ಲಿ, ಚಟುವಟಿಕೆ ಯಾವುದೆಂದು ನಿರ್ಧರಿಸಲಾಗಿಲ್ಲ, ಭೋಜನವಾಗಿರಬಹುದೆಂಬ ಮಾತು ಗುರುತು ಹಾಕುವಾಗಲೇ ಬಂದಿತ್ತು, ಎಂದು ಸೇರಿಸಿದ್ದಾರೆ. ಯಾವ ದೇಶದ ಯಾವ ಮೇಜಿನಲ್ಲಿ ತಪ್ಪಾಯಿತು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮಿಬ್ಬರಲ್ಲಿ ಆ ಮಾತು ಆಡಿದವರು ಯಾರು ಎಂಬುದು ಮುಖ್ಯವಲ್ಲ ಎಂದು ಕೆಳಗೆ ಟಿಪ್ಪಣಿ. ಆ ಸಾಲನ್ನು ಯಾರೋ ಅವರ ಭಾಷೆಯಲ್ಲಿ ಆ ಮನೆಯವರಿಗೆ ಓದಿ ಹೇಳಿರುತ್ತಾರೆ: ನಿಮ್ಮವರು ಉಣ್ಣುತ್ತಿದ್ದಿರಬಹುದು. ಅನ್ನ ಬೇಯಿಸಿ ಬೋಗುಣಿಗೆ ಹಾಕಿ ಕೊಟ್ಟವರು ಅದನ್ನು ಕೂತು ಕೇಳಿರುತ್ತಾರೆ.

ಅವನು ಒಳ್ಳೆಯ ಹುಡುಗ. ಊಟ ಎಂದು ಮೊದಲು ಕಂಡವರು ನೀವೇ ಅಕ್ಕಾ ಎಂದು ಈಗಲೂ ಅನ್ನುತ್ತಾನೆ, ನನಗೆ ಸಮಾಧಾನವಾಗಲಿ ಎಂದು. ನನ್ನ ನೆನಪು ಸರಿಯಾಗಿದ್ದರೆ ನಾನು ತಿಳಿಯದೆ ನಕ್ಕವಳು. ಅವನ ನೆನಪು ಸರಿಯಾಗಿದ್ದರೆ ಆ ಅಂಗಳದಲ್ಲಿ ಜನ ಉಣ್ಣುತ್ತಿರುವುದನ್ನು ನಾನು ನೋಡಿದ್ದೆ, ಬಾಯಿಬಿಟ್ಟು ಹೇಳಿದ್ದೆ, ಆಮೇಲೆ ಚೌಕ ಎಳೆದು ಒತ್ತಿದೆ.